ಯಾರದೋ ಕಥೆ ಓದುವಾಗ ನಮ್ಮಜ್ಜಿಯ ಟ್ರಂಕು ಏಕೆ ನೆನಪಾಗುತ್ತದೆ?

ಹೋದ ಮಳೆಗಾಲದಲ್ಲಿ ಒಂದು ಕಾದಂಬರಿ ಓದುತ್ತಿದ್ದೆ. ಕಥೆ ನಡೆಯುವ ದೇಶ ನಾನು ನೋಡಿದ್ದಲ್ಲ. ಅಲ್ಲಿನವರ ಭಾಷೆಯೂ ನನಗೆ ಬಾರದು. ಒಂದು ಕಡೆ ಹೀಗೆ ಬರುತ್ತದೆ: ಊರು ಬಿಟ್ಟು ಹೊರಟ ಹೆಂಗಸೊಬ್ಬಳು ರಾತ್ರಿಯೆಲ್ಲ ರೈಲು ನಿಲ್ದಾಣದಲ್ಲಿ ತನ್ನ ತಗಡಿನ ಟ್ರಂಕಿನ ಮೇಲೆ ಕುಳಿತಿರುತ್ತಾಳೆ. ಇಳಿದರೆ ಯಾರಾದರೂ ಹೊತ್ತುಕೊಂಡು ಹೋಗಿಬಿಟ್ಟಾರು ಎಂಬ ಭಯ. ಅಷ್ಟೇ, ಒಂದೂವರೆ ಸಾಲು. ಮುಂದಿನ ಪ್ಯಾರಾದಲ್ಲಿ ಲೇಖಕರು ಬೇರೆ ವಿಷಯಕ್ಕೆ ಹೋಗಿಬಿಡುತ್ತಾರೆ.

ನಾನು ಮಾತ್ರ ಅಲ್ಲೇ ಉಳಿದೆ. ನಮ್ಮಜ್ಜಿಯ ಮಂಚದ ಕೆಳಗಿದ್ದ ಟ್ರಂಕು ಕಣ್ಣ ಮುಂದೆ ಬಂತು. ಹಸಿರು ಬಣ್ಣ, ಮೂಲೆಗಳಲ್ಲಿ ತುಕ್ಕು, ಮುಚ್ಚಳದ ಮೇಲೆ ಅರ್ಧ ಅಳಿಸಿಹೋದ ತಾತನ ಹೆಸರು. ತೆರೆದರೆ ಗಪ್ಪನೆ ಮೂಗಿಗೆ ಬಡಿಯುವ ನುಸಿಗುಳಿಗೆ ವಾಸನೆ. ಮುಚ್ಚಳದ ನಡುವೆ ಒಂದು ತಗ್ಗು ಬೇರೆ ಇತ್ತು. ಅದು ಹೇಗಾಯಿತು ಎಂದು ನಾನು ಯಾವತ್ತೂ ಕೇಳಿರಲಿಲ್ಲ. ಈಗ ಕೇಳದೆಯೇ ಗೊತ್ತಾದಂತಾಯಿತು. ಅಜ್ಜಿಯೂ ಹೀಗೇ ಅದರ ಮೇಲೆ ಕುಳಿತಿದ್ದಳು! ಗಂಟಲು ಕಟ್ಟಿತು. ಪುಸ್ತಕ ಮುಚ್ಚಿಟ್ಟೆ.

ಆದರೆ ಅಜ್ಜಿ ಊರು ಬಿಟ್ಟಾಗ ನಾನಿನ್ನೂ ಹುಟ್ಟಿರಲಿಲ್ಲ. ನಮ್ಮಪ್ಪನಿಗೇ ಆಗ ನಾಲ್ಕು ವರ್ಷ. ಹಾಗಾದರೆ ನನಗೆ 'ನೆನಪಾದದ್ದು' ಏನು?

ಊರು ಬಿಟ್ಟು ಬಂದ ಮನೆತನಗಳಲ್ಲಿ ಹುಟ್ಟಿದ ಎಷ್ಟೋ ಓದುಗರಿಗೆ ಇಂಥದ್ದು ಆಗಿರುತ್ತದೆ. ಯಾರದೋ ಕಥೆ ಓದುತ್ತಾ ತಮ್ಮ ಮನೆಯದೇ ನೆನಪಾಗಿ ಕಣ್ಣು ತುಂಬುತ್ತದೆ. ಆಗ ತಲೆಯೊಳಗೆ ಏನು ನಡೆಯುತ್ತದೆ? ಬುಡದಿಂದ ನೋಡೋಣ.

ನೆನಪುಗಳಲ್ಲಿ ಎರಡು ಜಾತಿ

'ನೀರು 100 ಡಿಗ್ರಿಗೆ ಕುದಿಯುತ್ತದೆ ಎಂದು ನೆನಪಿದೆ' ಎನ್ನುತ್ತೇವೆ. 'ಸೈಕಲ್‌ನಿಂದ ಬಿದ್ದದ್ದು ನೆನಪಿದೆ' ಎಂದೂ ಅನ್ನುತ್ತೇವೆ. ಪದ ಒಂದೇ ಆದರೂ ಎರಡೂ ಬೇರೆ ಬೇರೆ. ಮೊದಲನೆಯದು ಬರೀ ಗೊತ್ತಿರುವ ಸಂಗತಿ. ಎಲ್ಲಿ, ಯಾವತ್ತು ಕಲಿತಿರಿ ಎಂದರೆ ಹೇಳಲಾರಿರಿ. ಎರಡನೆಯದರಲ್ಲಿ ನೀವೇ ಇದ್ದೀರಿ. ಮೊಣಕಾಲು ಉರಿದದ್ದು, ಪಕ್ಕದಲ್ಲಿ ನಿಂತವರು ನಕ್ಕದ್ದು, ಅಳು ತಡೆದುಕೊಂಡದ್ದು ಎಲ್ಲ ಜೊತೆಗೇ ಬರುತ್ತದೆ.

ಈ ವ್ಯತ್ಯಾಸವನ್ನು 1972ರಲ್ಲಿ ಸ್ಪಷ್ಟವಾಗಿ ವಿಂಗಡಿಸಿ ಹೇಳಿದವರು ಮನಶ್ಶಾಸ್ತ್ರಜ್ಞ ಎಂಡೆಲ್ ಟುಲ್ವಿಂಗ್. ಅವರೂ ವಲಸಿಗರೇ ಅನ್ನುವುದು ಕಾಕತಾಳೀಯ. 1927ರಲ್ಲಿ ಎಸ್ಟೋನಿಯಾದಲ್ಲಿ ಹುಟ್ಟಿ, ಎರಡನೇ ಮಹಾಯುದ್ಧದ ಗದ್ದಲದಲ್ಲಿ ದೇಶ ಬಿಟ್ಟು, 1949ರಲ್ಲಿ ಕೆನಡಾ ಸೇರಿದವರು. ಅವರು ವಿಂಗಡಿಸಿದ ಎರಡು ಬಗೆಯನ್ನು ನಾವಿಲ್ಲಿ 'ತಿಳಿವಳಿಕೆಯ ನೆನಪು' ಮತ್ತು 'ಘಟನೆಯ ನೆನಪು' ಎಂದು ಕರೆಯೋಣ.

ಈಗ ಟ್ರಂಕಿಗೆ ಬನ್ನಿ. ಊರು ಬಿಟ್ಟ ರಾತ್ರಿ ಅಜ್ಜಿಗೆ ಘಟನೆಯ ನೆನಪು. ನನಗೆ ಅದು 'ಅಜ್ಜಿ ಊರು ಬಿಟ್ಟು ಬಂದವಳು' ಎಂಬ ಒಣ ಮಾಹಿತಿ, ಅಂದರೆ ತಿಳಿವಳಿಕೆಯ ನೆನಪು. ಕಾದಂಬರಿ ಓದುವಾಗ ಆದದ್ದು ಇಷ್ಟು: ತಿಳಿವಳಿಕೆಯ ನೆನಪು ಘಟನೆಯ ನೆನಪಿನ ವೇಷ ಹಾಕಿಕೊಂಡು ಬಂತು. ಬಣ್ಣ, ವಾಸನೆ, ಗಂಟಲು ಕಟ್ಟುವಿಕೆ ಸಮೇತ. ಆ ವೇಷಕ್ಕೆ ಬಟ್ಟೆಬರೆ ಎಲ್ಲಿಂದ ಬಂತು ಎಂಬುದೇ ಕುತೂಹಲದ ವಿಷಯ.

ಅಕ್ಷರ ನೋಡಿದರೆ ಮೂಗು ಏಕೆ ಎಚ್ಚರವಾಗುತ್ತದೆ

ಹಾಳೆಯ ಮೇಲೆ ಇರುವುದು ಕಪ್ಪು ಗೀಟುಗಳು ಮಾತ್ರ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಆದರೂ 'ಮಳೆ' ಎಂದು ಓದಿದಾಗ ತಲೆಯಲ್ಲಿ ಆಗುವುದು ನಿಘಂಟು ನೋಡಿದಂಥ ಕೆಲಸ ಅಲ್ಲ.

2006ರಲ್ಲಿ ಸ್ಪೇನಿನ ಸಂಶೋಧಕರು ಜನರನ್ನು ಮಿದುಳು ಸ್ಕ್ಯಾನ್ ಮಾಡುವ ಯಂತ್ರದೊಳಗೆ ಮಲಗಿಸಿ ಪದಗಳನ್ನು ಓದಿಸಿದರು. ದಾಲ್ಚಿನ್ನಿಯಂಥ, ಗಾಢ ವಾಸನೆ ಇರುವ ವಸ್ತುಗಳ ಹೆಸರು ಓದಿದಾಗ ವಾಸನೆ ಗ್ರಹಿಸುವ ಭಾಗಗಳೂ ಚುರುಕಾದವು. ವಾಸನೆಗೆ ಸಂಬಂಧವಿಲ್ಲದ ಪದ ಓದಿದಾಗ ಅಷ್ಟಾಗಲಿಲ್ಲ. ಇದಕ್ಕೂ ಮುಂಚೆ, 2004ರಲ್ಲಿ, ಇನ್ನೊಂದು ತಂಡ 'ಒದೆ', 'ನೆಕ್ಕು' ಎಂಬರ್ಥದ ಕ್ರಿಯಾಪದಗಳನ್ನು ಓದಿಸಿ ನೋಡಿತ್ತು. ಕಾಲನ್ನು, ನಾಲಿಗೆಯನ್ನು ಆಡಿಸುವ ಭಾಗಗಳ ಹತ್ತಿರಹತ್ತಿರವೇ ಚಟುವಟಿಕೆ ಕಂಡಿತು. ಓದುವವರು ಬೆರಳೂ ಅಲುಗಿಸಿರಲಿಲ್ಲ.

ಅಂದರೆ ಪದವನ್ನು ಅರ್ಥ ಮಾಡಿಕೊಳ್ಳುವಾಗ ಮಿದುಳು ಆ ವಸ್ತುವಿನ ಜೊತೆ ತನಗಿರುವ ಹಳೆಯ ಅನುಭವವನ್ನು ಸ್ವಲ್ಪ ಕೆದಕುತ್ತದೆ. 'ಟ್ರಂಕು' ಎಂಬ ಪದಕ್ಕೆ ನನ್ನ ತಲೆಯಲ್ಲಿರುವ ಅನುಭವ ಒಂದೇ ಟ್ರಂಕಿನದು. ಬೇರೆ ಟ್ರಂಕು ನಾನು ಸರಿಯಾಗಿ ನೋಡಿಯೇ ಇಲ್ಲ! ಹಾಗಾಗಿ ಕಾದಂಬರಿಯ ಆ ಹೆಂಗಸು, ಪಾಪ, ನಮ್ಮಜ್ಜಿಯ ಟ್ರಂಕಿನ ಮೇಲೆಯೇ ಕುಳಿತುಕೊಳ್ಳಬೇಕಾಯಿತು.

ಇಷ್ಟಾದ ಮೇಲೆ ಇನ್ನೊಂದು ಕೆಲಸ ನಡೆಯುತ್ತದೆ. ಕಿವಿಯ ಮೇಲುಭಾಗದ ಒಳಗೆ, ಮಿದುಳಿನ ಎರಡೂ ಬದಿಯಲ್ಲಿ ಹಿಪ್ಪೊಕ್ಯಾಂಪಸ್ ಎಂಬ ಪುಟ್ಟ ಭಾಗವಿದೆ. ಒಂದು ಘಟನೆಯ ಚೂರುಗಳು, ಅಂದರೆ ನೋಟ, ಸದ್ದು, ವಾಸನೆ, ಭಾವನೆ, ಮಿದುಳಿನ ಬೇರೆ ಬೇರೆ ಕಡೆ ಇರುತ್ತವೆ. ಅವನ್ನು ಒಂದಕ್ಕೊಂದು ಕಟ್ಟಿಡುವುದು ಇದರ ಕೆಲಸ. ಒಂದು ಚೂರು ಕೈಗೆ ಸಿಕ್ಕರೆ ಉಳಿದವನ್ನೂ ಎಳೆದು ತರುತ್ತದೆ. ಹಾಡಿನ ಮೊದಲ ಎರಡು ಪದ ಕಿವಿಗೆ ಬಿದ್ದರೆ ಉಳಿದ ಸಾಲು ತಾನಾಗಿ ಬಾಯಿಗೆ ಬರುತ್ತದಲ್ವಾ, ಹಾಗೆ. ಆ ಮೊದಲ ಚೂರನ್ನು 'ಸುಳಿವು' ಎನ್ನೋಣ. ಒಳ್ಳೆಯ ಬರಹದಲ್ಲಿ ಸಣ್ಣಸಣ್ಣ ವಸ್ತುಗಳು ಜಾಸ್ತಿ ಇರುತ್ತವೆ. ಓದುಗರ ಪಾಲಿಗೆ ಅವು ಒಂದೊಂದೂ ಒಂದೊಂದು ಸುಳಿವು. 'ಅವರು ತುಂಬಾ ಕಷ್ಟಪಟ್ಟು ವಲಸೆ ಬಂದರು' ಎಂಬ ವಾಕ್ಯ ಯಾರ ನೆನಪನ್ನೂ ಎಬ್ಬಿಸುವುದಿಲ್ಲ. 'ಟ್ರಂಕಿನ ಮೇಲೆ ಕುಳಿತಳು' ಎಂಬುದು ಎಬ್ಬಿಸುತ್ತದೆ.

ಒಂದು ಮಾತು: ಓದುವಾಗ ಎಲ್ಲರಿಗೂ ಚಿತ್ರ ಕಾಣುವುದಿಲ್ಲ. ಮನಸ್ಸಿನಲ್ಲಿ ಚಿತ್ರವೇ ಮೂಡದ ಜನರೂ ಇದ್ದಾರೆ. 2015ರಲ್ಲಿ ಬ್ರಿಟನ್ನಿನ ನರವೈದ್ಯ ಆಡಮ್ ಝೀಮನ್ ಮತ್ತು ಜೊತೆಗಾರರು ಇದಕ್ಕೆ 'ಅಫ್ಯಾಂಟೇಸಿಯಾ' ಎಂದು ಹೆಸರಿಟ್ಟರು. ಇಂಥವರೂ ಓದುತ್ತಾರೆ, ಓದಿ ಮನಸ್ಸು ತುಂಬಿಕೊಳ್ಳುತ್ತಾರೆ. ದಾರಿ ಬೇರೆ, ಅಷ್ಟೇ.

ಪುಸ್ತಕ ಹೇಳದೆ ಬಿಟ್ಟದ್ದು

ಇದೇ ದೃಶ್ಯ ಸಿನಿಮಾದಲ್ಲಿದ್ದರೆ ನನಗೆ ಅಜ್ಜಿ ಇಷ್ಟು ಬೇಗ ನೆನಪಾಗುತ್ತಿದ್ದಳಾ? ನನಗೆ ಅನುಮಾನ. ಪರದೆಯ ಮೇಲಿನ ಟ್ರಂಕು ನೀಲಿಯದೋ ಕಪ್ಪೋ ಆಗಿ ಎದುರಿಗೇ ಇರುತ್ತದೆ. ಅದರ ಮೇಲೆ ಒಬ್ಬ ನಟಿ, ಅವಳದೇ ಮುಖ. ನಾನು ಸೇರಿಸಲು ಅಲ್ಲಿ ಹೆಚ್ಚೇನೂ ಉಳಿದಿರುವುದಿಲ್ಲ.

ಬರಹ ಹಾಗಲ್ಲ. ಎಷ್ಟೇ ವಿವರವಾಗಿ ಬರೆದರೂ ಅದರಲ್ಲಿ ಇರುವುದಕ್ಕಿಂತ ಇಲ್ಲದ್ದೇ ಜಾಸ್ತಿ. 'ಹೆಂಗಸು ಟ್ರಂಕಿನ ಮೇಲೆ ಕುಳಿತಳು' ಎಂದಾಗ ಅವಳ ವಯಸ್ಸೆಷ್ಟು, ಚಪ್ಪಲಿ ಇತ್ತಾ, ಬೆಳಕು ಎತ್ತಲಿಂದ ಬೀಳುತ್ತಿತ್ತು, ಯಾವುದೂ ಹೇಳಿಲ್ಲ. ಹೇಳಿಲ್ಲ ಎಂದು ನಮಗೆ ಅನ್ನಿಸುವುದೂ ಇಲ್ಲ. ಏಕೆಂದರೆ ಅಷ್ಟರಲ್ಲಿ ನಾವೇ ತುಂಬಿಬಿಟ್ಟಿರುತ್ತೇವೆ. ಜರ್ಮನಿಯ ಸಾಹಿತ್ಯ ಚಿಂತಕ ವೋಲ್ಫ್‌ಗಾಂಗ್ ಈಸರ್ 1970ರ ದಶಕದಲ್ಲಿ ಇದನ್ನೇ ಹಿಡಿದು ಬರೆದರು. ಬರಹದಲ್ಲಿ ಖಾಲಿ ಜಾಗಗಳಿರುತ್ತವೆ, ಓದುವುದು ಎಂದರೆ ಅವನ್ನು ತುಂಬುತ್ತಾ ಹೋಗುವುದು ಎಂಬುದು ಅವರ ವಾದದ ತಿರುಳು.

ತುಂಬಲು ಸಾಮಾನು ಬೇಕಲ್ಲ, ಎಲ್ಲಿಂದ ತರುತ್ತೇವೆ? ಮನೆಯಿಂದಲೇ. ಪುಸ್ತಕದಲ್ಲಿ 'ಅಜ್ಜಿ' ಎಂದು ಬಂದರೆ ಸಾವಿರ ಓದುಗರ ತಲೆಯಲ್ಲಿ ಸಾವಿರ ಅಜ್ಜಿಯರು ಎದ್ದು ಕೂರುತ್ತಾರೆ. ಲೇಖಕರ ಅಜ್ಜಿ ಅವರಲ್ಲಿ ಒಬ್ಬಳೂ ಅಲ್ಲ.

ಊಹಿಸುವುದಕ್ಕೂ ನೆನೆಯುವುದಕ್ಕೂ ಇರುವ ನಂಟು ಎಷ್ಟು ಹತ್ತಿರದ್ದು ಎಂದು 2007ರಲ್ಲಿ ಲಂಡನ್ನಿನಲ್ಲಿ ನಡೆದ ಒಂದು ಅಧ್ಯಯನ ತೋರಿಸಿತು. ಹಿಪ್ಪೊಕ್ಯಾಂಪಸ್‌ಗೆ ಪೆಟ್ಟಾಗಿ ನೆನಪು ಕಳೆದುಕೊಂಡವರಿಗೆ ಸಂಶೋಧಕರು ಒಂದು ಕೆಲಸ ಕೊಟ್ಟರು: 'ಒಂದು ಸುಂದರ ಕಡಲತೀರದಲ್ಲಿ ಮಲಗಿದ್ದೀರಿ ಎಂದುಕೊಳ್ಳಿ, ಏನೇನು ಕಾಣುತ್ತದೆ ಹೇಳಿ.' ಇದಕ್ಕೆ ಹಳೆಯ ನೆನಪು ಬೇಕಿಲ್ಲ, ಸುಮ್ನೆ ಕಲ್ಪಿಸಿಕೊಂಡರೆ ಸಾಕು. ಆದರೆ ಅವರಲ್ಲಿ ಹೆಚ್ಚಿನವರಿಂದ ಅದೂ ಆಗಲಿಲ್ಲ. ಒಂದಷ್ಟು ಬಿಡಿಬಿಡಿ ಚೂರುಗಳನ್ನು ಹೇಳಿದರು, ಪೂರ್ತಿ ದೃಶ್ಯ ಕೂಡಿ ಬರಲಿಲ್ಲ. ಈ ಅಧ್ಯಯನದ ಮುಂದಾಳು ಡೆಮಿಸ್ ಹಸ್ಸಾಬಿಸ್. ಮುಂದೆ ಕೃತಕ ಬುದ್ಧಿಮತ್ತೆಯ ಕಡೆ ಹೋಗಿ 2024ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಹಂಚಿಕೊಂಡರಲ್ಲ, ಅವರೇ.

ನಮ್ಮ ವಿಷಯಕ್ಕೆ ಇದರಿಂದ ಸಿಗುವುದು ಇದು: ನೆನಪು ಕಟ್ಟುವ ಗಾರೆಯವನೇ ಕಲ್ಪನೆಯನ್ನೂ ಕಟ್ಟುತ್ತಾನೆ. ಇಟ್ಟಿಗೆಯೂ ಅದೇ ರಾಶಿಯಿಂದ. ಹಾಗಾಗಿ ಓದುವಾಗ ಎದ್ದ ಚಿತ್ರದಲ್ಲಿ ಯಾವುದು ನಾನು ಕಂಡದ್ದು, ಯಾವುದು ಕೇಳಿದ್ದು, ಯಾವುದು ಆಗಷ್ಟೇ ತುಂಬಿದ್ದು ಎಂದು ಬೇರೆ ಮಾಡುವುದು ಸುಲಭ ಅಲ್ಲ.

ನೋಡದೇ ಇದ್ದದ್ದು ಹೇಗೆ ನಮ್ಮದಾಯಿತು

ನೆನಪು ಒಬ್ಬೊಬ್ಬರ ಖಾಸಗಿ ಆಸ್ತಿ ಎಂದು ನಾವು ಅಂದುಕೊಂಡಿರುತ್ತೇವೆ. ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಮೋರಿಸ್ ಹಾಲ್ಬ್‌ವಾಕ್ಸ್ 1925ರಲ್ಲೇ ಇದನ್ನು ಒಪ್ಪಲಿಲ್ಲ. ನಾವು ನೆನೆಯುವುದು ಗುಂಪಿನೊಳಗೆ, ಮೊದಲ ಗುಂಪು ಮನೆ ಎಂದರು. ಮನೆಯವರು ಮತ್ತೆ ಮತ್ತೆ ಹೇಳಿದ್ದು ಗಟ್ಟಿಯಾಗುತ್ತದೆ, ಯಾರೂ ಎತ್ತದೇ ಇದ್ದದ್ದು ಮಾಸುತ್ತದೆ. 'ನೀನು ಚಿಕ್ಕವನಿದ್ದಾಗ ಬಾವಿ ಇಣುಕಿ ಬೀಳುತ್ತಿದ್ದೆ' ಎಂದು ಹತ್ತು ಸಲ ಕೇಳಿದವನಿಗೆ ಬಾವಿಯೊಳಗಿನ ಕಪ್ಪು ನೀರು ಕಂಡಂತೆಯೇ ನೆನಪಿರುತ್ತದೆ. ನಿಜಕ್ಕೂ ಆಗ ಅವನಿಗೆ ಎರಡು ವರ್ಷ. ದೊಡ್ಡವರಾದ ಮೇಲೆ ಹೆಚ್ಚಿನವರಿಗೆ ಮೂರು, ಮೂರೂವರೆ ವರ್ಷಕ್ಕಿಂತ ಹಿಂದಿನದು ನೆನಪಿಗೆ ಬರುವುದಿಲ್ಲ. ಅವನು ನೆನೆಯುತ್ತಿರುವುದು ಅಮ್ಮ ಹೇಳಿದ ಮಾತನ್ನು.

ಅಪ್ಪ ಅಮ್ಮಂದಿರ ಬದುಕನ್ನು ಅಲುಗಾಡಿಸಿದ ಘಟನೆಗಳನ್ನು ಮಕ್ಕಳು ಹೀಗೆ ತಮ್ಮದೇ ಎಂಬಂತೆ ಹೊತ್ತಿರುತ್ತಾರೆ. ವಿದ್ವಾಂಸೆ ಮರಿಯಾನ್ ಹಿರ್ಶ್ 1990ರ ದಶಕದ ಆರಂಭದಲ್ಲಿ ಇದಕ್ಕೆ 'ಪೋಸ್ಟ್‌ಮೆಮೊರಿ' ಎಂಬ ಹೆಸರು ಕೊಟ್ಟರು. ನಾವು 'ಎರವಲು ನೆನಪು' ಎನ್ನಬಹುದು. ಕಥೆ, ಫೋಟೋ, ಮನೆಯಲ್ಲಿನ ನಡವಳಿಕೆ ಇವುಗಳ ಮೂಲಕ ಅದು ಬರುತ್ತದೆ. ಮೌನದ ಮೂಲಕವೂ ಬರುತ್ತದೆ, ಅದನ್ನು ಮರೆಯಬಾರದು. ಒಂದು ಊರಿನ ಹೆಸರು ಎತ್ತಿದ ಕೂಡಲೇ ಅಜ್ಜಿ ಎದ್ದು ಒಳಗೆ ಹೋಗುತ್ತಾಳೆ ಎಂದರೆ ಮಗುವಿಗೆ ಅಷ್ಟು ಸಾಕು. ಅಲ್ಲಿ ಏನೋ ಇದೆ ಎಂದು ಗೊತ್ತಾಗುತ್ತದೆ. ಏನಿದೆ ಎಂದು ಮಾತ್ರ ಗೊತ್ತಾಗುವುದಿಲ್ಲ. ಆ ಖಾಲಿ ಜಾಗವನ್ನು ಮೂವತ್ತು ವರ್ಷ ಆದ ಮೇಲೆ ಒಂದು ಕಾದಂಬರಿ ತುಂಬಿಕೊಡುತ್ತದೆ. ವಲಸೆಯ ಕಥೆ ಓದಿ ಅಳುವವರಲ್ಲಿ ಕೆಲವರಾದರೂ ಮನೆಯಲ್ಲಿ ಯಾರೂ ಹೇಳದೇ ಇದ್ದದ್ದಕ್ಕೆ ಅಳುತ್ತಾರೆ ಎಂದು ನನ್ನ ಅನಿಸಿಕೆ.

'ಇದೆಲ್ಲ ರಕ್ತದಲ್ಲೇ ಬಂದಿರುತ್ತೆ' ಎಂಬ ಮಾತೂ ಇದೆ. ಹಿರಿಯರು ಅನುಭವಿಸಿದ ಹಸಿವು, ಒತ್ತಡ ಮುಂದಿನ ಪೀಳಿಗೆಯ ದೇಹದ ಮೇಲೆ ಗುರುತು ಬಿಡಬಹುದೇ ಎಂದು ವಿಜ್ಞಾನಿಗಳು ಹುಡುಕುತ್ತಿರುವುದು ನಿಜ. ನೆದರ್‌ಲ್ಯಾಂಡ್ಸ್‌ನಲ್ಲಿ 1944-45ರ ಚಳಿಗಾಲದ ಬರಗಾಲದ ವೇಳೆ ಗರ್ಭದಲ್ಲಿದ್ದವರ ಆರೋಗ್ಯವನ್ನು ದಶಕಗಳಿಂದ ಗಮನಿಸುತ್ತಿದ್ದಾರೆ. ಆದರೆ ದೇಹದ ಗುರುತು ಬೇರೆ, ನೆನಪಿನ ಚಿತ್ರ ಬೇರೆ. ಹಸಿರು ಟ್ರಂಕಿನ ಚಿತ್ರ ವಂಶವಾಹಿಯಲ್ಲಿ ಬರುವುದಿಲ್ಲ. ಅದು ಬರುವುದು ಮಂಚದ ಕೆಳಗಿನಿಂದ.

ವಲಸೆಯ ನೆನಪಿಗೇ ಏಕೆ ಇಷ್ಟು ಜೋರು

ಓದು ಎಲ್ಲ ಬಗೆಯ ನೆನಪನ್ನೂ ಎಬ್ಬಿಸುತ್ತದೆ. ಮದುವೆ, ಶಾಲೆ, ಜಗಳ, ಎಲ್ಲ. ಆದರೂ ವಲಸೆಯದು ಬಂದರೆ ಎದೆಗೆ ಗುದ್ದಿದ ಹಾಗೆ ಬರುತ್ತದೆ. ಕಾರಣ ಸುಳಿವುಗಳ ಲೆಕ್ಕದಲ್ಲಿದೆ.

ಹುಟ್ಟಿದ ಮನೆಯಲ್ಲೇ ಬದುಕುವವರಿಗೆ ಸುಳಿವು ಎಲ್ಲೆಲ್ಲೂ ಇರುತ್ತದೆ. ಅದೇ ಹೊಸ್ತಿಲು, ಅದೇ ಮರ, ಅದೇ ತಿರುವು. ದಿನಾ ನೋಡಿ ನೋಡಿ ಅವು ಹಳತಾಗಿ, ಯಾವುದನ್ನೂ ವಿಶೇಷವಾಗಿ ಎಬ್ಬಿಸುವುದಿಲ್ಲ. ಊರು ಬಿಟ್ಟವರು ಈ ಎಲ್ಲ ಸುಳಿವುಗಳನ್ನೂ ಬಿಟ್ಟು ಬರುತ್ತಾರೆ. ಕೈಯಲ್ಲಿ ಹಿಡಿದು ತಂದ ನಾಲ್ಕಾರು ವಸ್ತು ಮಾತ್ರ ಉಳಿಯುತ್ತದೆ. ಒಂದು ಇಡೀ ಊರಿನ ಭಾರ ಒಂದು ಪೆಟ್ಟಿಗೆಯ ಮೇಲೆ, ಒಂದು ಫೋಟೋದ ಮೇಲೆ ಬೀಳುತ್ತದೆ. ಓದುವಾಗ ಅಂಥದ್ದೇ ವಸ್ತು ಎದುರಾದರೆ ಕಟ್ಟಿಟ್ಟದ್ದೆಲ್ಲ ಒಟ್ಟಿಗೇ ಬಿಚ್ಚಿಕೊಳ್ಳುತ್ತದೆ.

ವಯಸ್ಸಿನದೂ ಒಂದು ಪಾಲಿದೆ. ಮಧ್ಯವಯಸ್ಸು ದಾಟಿದವರನ್ನು ಬದುಕಿನ ನೆನಪು ಹೇಳಿ ಎಂದರೆ ಸುಮಾರು 10ರಿಂದ 30ರ ನಡುವಿನವು ಹೆಚ್ಚಾಗಿ ಬರುತ್ತವೆ. ಇದು ಹಲವು ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡಿದೆ. ಜನ ಊರು ಬಿಡುವುದೂ ಸಾಮಾನ್ಯವಾಗಿ ಪ್ರಾಯದಲ್ಲೇ ಅಲ್ವಾ.

ಆಮೇಲೆ ಭಾಷೆ. 2000ದಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ವಿಯೊರಿಕಾ ಮರಿಯನ್ ಮತ್ತು ಉಲ್ರಿಕ್ ನೈಸರ್ ಎಂಬ ಸಂಶೋಧಕರು ರಷ್ಯನ್ ಮನೆಮಾತಿನ, ಅಮೆರಿಕಕ್ಕೆ ವಲಸೆ ಹೋಗಿದ್ದ ಯುವಜನರನ್ನು ಮಾತಾಡಿಸಿದರು. ರಷ್ಯನ್ ಭಾಷೆಯಲ್ಲಿ ಕೇಳಿದಾಗ ರಷ್ಯನ್ ಆಡುತ್ತಿದ್ದ ಕಾಲದ ಘಟನೆಗಳು ಹೆಚ್ಚು ನೆನಪಾದವು. ಇಂಗ್ಲಿಷಿನಲ್ಲಿ ಕೇಳಿದಾಗ ಇಂಗ್ಲಿಷ್ ಆಡಿದ ಕಾಲದವು. ತಲೆ ಅದೇ, ಜೀವನ ಅದೇ, ಕೇಳಿದ ಭಾಷೆ ಮಾತ್ರ ಬದಲು. ಮನೆಯಲ್ಲಿ ಅಜ್ಜಿ ಮಾತ್ರ ಆಡುತ್ತಿದ್ದ ಒಂದು ಪದ ಪುಸ್ತಕದಲ್ಲಿ ಸಿಕ್ಕಾಗ ಬೆಚ್ಚಿಬೀಳುವುದು ಇದಕ್ಕೇ. ಅದೇ ಅರ್ಥದ ಪುಸ್ತಕದ ಭಾಷೆಯ ಪದಕ್ಕೆ ಆ ಬಲವಿಲ್ಲ.

ಊರಿನ ಹಂಬಲವನ್ನು ಒಂದು ಕಾಲದಲ್ಲಿ ಕಾಯಿಲೆ ಎಂದೇ ಎಣಿಸಿದ್ದರು. 1688ರಲ್ಲಿ ಯೋಹಾನೆಸ್ ಹೋಫರ್ ಎಂಬ ವೈದ್ಯಕೀಯ ವಿದ್ಯಾರ್ಥಿ ಬಾಸೆಲ್ ನಗರದಲ್ಲಿ ಒಂದು ಪ್ರಬಂಧ ಬರೆದು, ಮನೆಗೆ ಮರಳುವುದು ಮತ್ತು ನೋವು ಎಂಬ ಎರಡು ಗ್ರೀಕ್ ಪದ ಸೇರಿಸಿ 'ನಾಸ್ಟಾಲ್ಜಿಯಾ' ಎಂಬ ಹೆಸರು ಟಂಕಿಸಿದ. ಇವತ್ತು ನಾವು ಹಳೆಯ ಜಾಹೀರಾತು ನೋಡಿ 'ನಾಸ್ಟಾಲ್ಜಿಯಾ' ಎನ್ನುತ್ತೇವೆ. ಹುಟ್ಟಿನಲ್ಲಿ ಅದು ಊರು ಬಿಟ್ಟವರ ರೋಗದ ಹೆಸರು.

ಎದ್ದ ನೆನಪನ್ನು ಎಷ್ಟು ನಂಬುವುದು

ಖಾಲಿ ಜಾಗ ತುಂಬುವ ಗುಣವೇ ನೆನಪನ್ನು ಎಬ್ಬಿಸುತ್ತದೆ. ಅದೇ ಗುಣ ನೆನಪನ್ನು ಕೆಡಿಸುವುದೂ ಹೌದು.

ಕೇಂಬ್ರಿಜ್‌ನ ಫ್ರೆಡರಿಕ್ ಬಾರ್ಟ್ಲೆಟ್ ತಮ್ಮ ಓದುಗರಿಗೆ ಉತ್ತರ ಅಮೆರಿಕದ ಮೂಲನಿವಾಸಿಗಳ ಒಂದು ಜಾನಪದ ಕಥೆ ಕೊಟ್ಟು, ದಿನ ಕಳೆದ ಮೇಲೆ ನೆನಪಿನಿಂದ ಹೇಳಿಸಿದರು. ಫಲಿತಾಂಶವನ್ನು 1932ರಲ್ಲಿ ಪ್ರಕಟಿಸಿದರು. ಮೂಲದಲ್ಲಿದ್ದ 'ಕ್ಯಾನೂ' ಎಂಬ ಬಗೆಯ ದೋಣಿ ಓದುಗರ ಬಾಯಲ್ಲಿ ಸಾಮಾನ್ಯ 'ದೋಣಿ' ಆಗಿತ್ತು. ಸೀಲ್ ಪ್ರಾಣಿಯ ಬೇಟೆ ಮೀನು ಹಿಡಿಯುವುದಾಗಿತ್ತು. ಯಾರೂ ಬೇಕೆಂದು ಬದಲಾಯಿಸಿರಲಿಲ್ಲ. ತಮಗೆ ಅಪರಿಚಿತವಾದದ್ದನ್ನು ಪರಿಚಿತವಾದದ್ದಕ್ಕೆ ಒಗ್ಗಿಸಿಕೊಂಡಿದ್ದರು.

ಎಲಿಜಬೆತ್ ಲಾಫ್ಟಸ್ ಮತ್ತು ಜಾಕ್ವೆಲಿನ್ ಪಿಕ್ರೆಲ್ 1995ರಲ್ಲಿ ಪ್ರಕಟಿಸಿದ ಪ್ರಯೋಗ ಇನ್ನೂ ಮುಂದೆ ಹೋಯಿತು. ಭಾಗವಹಿಸಿದ 24 ಮಂದಿಗೆ ಅವರ ಬಾಲ್ಯದ ನಾಲ್ಕು ಘಟನೆಗಳನ್ನು ಓದಲು ಕೊಟ್ಟರು. ಮೂರು ನಿಜ, ಮನೆಯವರನ್ನು ಕೇಳಿ ಬರೆದದ್ದು. ಒಂದು ಸುಳ್ಳು: ಚಿಕ್ಕಂದಿನಲ್ಲಿ ಅಂಗಡಿ ಮಳಿಗೆಯಲ್ಲಿ ಕಳೆದುಹೋಗಿದ್ದು. ಸುಮಾರು ನಾಲ್ಕರಲ್ಲೊಬ್ಬರು ಆ ಸುಳ್ಳು ಘಟನೆಯೂ ಪೂರ್ತಿಯಾಗಿಯೋ ಸ್ವಲ್ಪವೋ ನೆನಪಿದೆ ಎಂದರು. ಆ ಸುಳ್ಳು ಘಟನೆಯ ಬಗ್ಗೆ ಇವರು ಓದಿದ್ದು ಒಂದೇ ಒಂದು ಪ್ಯಾರಾ ಎಂಬುದನ್ನು ಗಮನಿಸಿ.

ಇಡೀ ಮನೆತನಗಳೇ ಹೀಗೆ ತುಂಬಿಕೊಂಡದ್ದೂ ಉಂಟು. ನ್ಯೂಯಾರ್ಕ್ ಬಂದರಿನ ಎಲ್ಲಿಸ್ ಐಲ್ಯಾಂಡ್ ಎಂಬ ದ್ವೀಪದ ವಲಸೆ ಕೇಂದ್ರದ ಮೂಲಕ 1892ರಿಂದ 1954ರವರೆಗೆ ಸುಮಾರು 1.2 ಕೋಟಿ ಜನ ಅಮೆರಿಕದೊಳಗೆ ಬಂದರು. ಅವರ ಮೊಮ್ಮಕ್ಕಳಲ್ಲಿ ಎಷ್ಟೋ ಜನ ಹೇಳುವ ಕಥೆ ಒಂದೇ: 'ಅಲ್ಲಿನ ಗುಮಾಸ್ತನಿಗೆ ನಮ್ಮ ಮುತ್ತಾತನ ಹೆಸರು ಬರೆಯಲು ಬರಲಿಲ್ಲ, ತೋಚಿದ್ದು ಬರೆದುಬಿಟ್ಟ, ಅಂದಿನಿಂದ ನಮ್ಮ ಮನೆತನದ ಹೆಸರೇ ಬೇರೆಯಾಯಿತು.' ಆದರೆ ಅಲ್ಲಿನ ಅಧಿಕಾರಿಗಳು ಹೆಸರನ್ನು ಹೊಸದಾಗಿ ಬರೆಯುತ್ತಿರಲಿಲ್ಲ. ಹಡಗು ಹೊರಡುವ ಕಡೆಯೇ ತಯಾರಾಗಿ ಬಂದ ಪ್ರಯಾಣಿಕರ ಪಟ್ಟಿ ಇಟ್ಟುಕೊಂಡು ಪ್ರಶ್ನೆ ಕೇಳಿ ತಾಳೆ ನೋಡುತ್ತಿದ್ದರು. ಹೆಸರು ಬದಲಾದದ್ದು ಹೆಚ್ಚಾಗಿ ಆಮೇಲೆ, ವಲಸಿಗರೇ ಹೊಸ ದೇಶಕ್ಕೆ ಹೊಂದಿಕೊಳ್ಳಲು ಬದಲಾಯಿಸಿಕೊಂಡಾಗ. 'ನಾವೇ ಬಿಟ್ಟುಕೊಟ್ಟೆವು' ಎನ್ನುವುದಕ್ಕಿಂತ 'ಗುಮಾಸ್ತ ಕಿತ್ತುಕೊಂಡ' ಎನ್ನುವ ಕಥೆ ಹೇಳಲು ಹಗುರ, ಅದಕ್ಕೇ ಉಳಿಯಿತೇನೋ.

ಹಾಗೆಂದು ಇಂಥ ಕಥೆಗಳನ್ನು ಸುಳ್ಳು ಎಂದು ಬಿಸಾಡಬೇಕಿಲ್ಲ. ಗುಮಾಸ್ತ ಇರಲಿಲ್ಲ, ಹೆಸರು ಹೋದ ನೋವು ಇತ್ತು. ಎರಡನ್ನೂ ಬೇರೆ ಬೇರೆ ಇಟ್ಟುಕೊಂಡರೆ ಸಾಕು.

ಓದಿ ಮುಚ್ಚಿಟ್ಟ ಮೇಲೆ

ಮಾಡಬಹುದಾದ ಮೊದಲ ಕೆಲಸ ಸಣ್ಣದು. ಯಾವ ಸಾಲು ಓದುವಾಗ ಏನು ಎದ್ದಿತು ಎಂದು ಅವತ್ತೇ ಬರೆದಿಡುವುದು. ಪಕ್ಕದಲ್ಲಿ ಇನ್ನೊಂದು ಮಾತು: ಇದು ನಾನು ಕಂಡದ್ದಾ, ಯಾರೋ ಹೇಳಿದ್ದಾ, ಅಥವಾ ಈಗ ಅನ್ನಿಸಿದ್ದಾ? ಒಂದು ವಾರ ಬಿಟ್ಟರೆ ಈ ಮೂರೂ ಕಲಸಿಹೋಗುತ್ತವೆ.

ಆಮೇಲೆ ಕೇಳುವುದು. ಇದಕ್ಕೆ ಗಡುವಿದೆ. ಬಾಯಿಂದ ಬಾಯಿಗೆ ಬರುವ ನೆನಪು ಮೂರ್ನಾಲ್ಕು ತಲೆಮಾರು, ಅಂದರೆ ಸುಮಾರು 80ರಿಂದ 100 ವರ್ಷ ಉಳಿಯುತ್ತದೆ ಎನ್ನುತ್ತಾರೆ ಜರ್ಮನ್ ವಿದ್ವಾಂಸ ಯಾನ್ ಅಸ್ಮನ್. ಅಷ್ಟರಲ್ಲಿ ಬರಹಕ್ಕೆ ಇಳಿಯದಿದ್ದರೆ ಹೋಯಿತು. ಆದರೆ 'ನಿಮ್ಮ ವಲಸೆಯ ಬಗ್ಗೆ ಹೇಳಿ' ಎಂದು ಮೈಕ್ ಹಿಡಿದಂತೆ ಕೇಳಿದರೆ ಹಿರಿಯರು 'ಏನಿದೆ ಹೇಳೋಕೆ' ಎನ್ನುತ್ತಾರೆ. ಅದರ ಬದಲು ನಿಮ್ಮನ್ನು ತಟ್ಟಿದ ಆ ಅರ್ಧ ಪುಟವನ್ನೇ ಗಟ್ಟಿಯಾಗಿ ಓದಿ ಹೇಳಿ. ನಿಮಗೆ ಸುಳಿವಾದದ್ದು ಅವರಿಗೂ ಆಗಬಹುದು. ಅವರು ಮಾತು ತಿರುಗಿಸಿದರೆ ಮಾತ್ರ ಬಿಟ್ಟುಬಿಡಿ. ಕೆಲವರು ಮರೆತಿದ್ದಕ್ಕೆ ಸುಮ್ಮನಿರುವುದಿಲ್ಲ, ಮರೆಯಲಾಗದ್ದಕ್ಕೆ ಸುಮ್ಮನಿರುತ್ತಾರೆ.

ಮನೆತನದ ಕಥೆ ಗೊತ್ತಿದ್ದರೆ ಏನು ಲಾಭ ಎಂದು ಕೇಳುವವರಿಗೆ: ಅಮೆರಿಕದ ಎಮರಿ ವಿಶ್ವವಿದ್ಯಾಲಯದ ಮಾರ್ಷಲ್ ಡ್ಯೂಕ್ ಮತ್ತು ರಾಬಿನ್ ಫೈವುಶ್ ಮಕ್ಕಳಿಗೆ 20 ಪ್ರಶ್ನೆ ಹಾಕಿದರು. ಅಪ್ಪ ಅಮ್ಮ ಹೇಗೆ ಪರಿಚಯವಾದರು, ಅಜ್ಜ ಅಜ್ಜಿ ಎಲ್ಲಿ ಬೆಳೆದರು, ಇಂಥವು. ಹೆಚ್ಚು ಗೊತ್ತಿದ್ದ ಮಕ್ಕಳಲ್ಲಿ ಆತ್ಮವಿಶ್ವಾಸವೂ ಹೆಚ್ಚು ಕಂಡಿತು. ಆದರೆ ಮಕ್ಕಳಿಗೆ ಉತ್ತರ ಬಾಯಿಪಾಠ ಮಾಡಿಸಿದರೆ ಆಗುವ ಕೆಲಸ ಇದಲ್ಲ. ಮಾತುಕತೆ ಇರುವ ಮನೆಯಲ್ಲಿ ಎರಡೂ ಒಟ್ಟಿಗೆ ಬೆಳೆದಿರಬಹುದು.

ದಾಖಲೆಗಳೂ ಓದೇ. 1879ರಿಂದ 1916ರವರೆಗೆ ಸುಮಾರು 60,000 ಕೂಲಿಕಾರರನ್ನು ಕರಾರಿನ ಮೇಲೆ ಭಾರತದಿಂದ ಫಿಜಿ ದ್ವೀಪಗಳಿಗೆ ಕರೆದೊಯ್ದರು. 'ಅಗ್ರಿಮೆಂಟ್' ಪದವೇ ಅವರ ಬಾಯಲ್ಲಿ 'ಗಿರ್ಮಿಟ್' ಆಯಿತು. ಪ್ರತಿಯೊಬ್ಬರಿಗೂ ಒಂದೊಂದು ವಲಸೆ ಪಾಸು. ಅದರಲ್ಲಿ ಹೆಸರು, ತಂದೆಯ ಹೆಸರು, ವಯಸ್ಸು, ಹಳ್ಳಿ, ಎತ್ತರ, ಮೈಮೇಲಿನ ಗುರುತು. ಅಷ್ಟು ಒಣ ಕಾಗದ ಇನ್ನೊಂದಿಲ್ಲ. ಆದರೆ ಮರಿಮಗಳೊಬ್ಬಳು 'ಎಡ ಹುಬ್ಬಿನ ಮೇಲೆ ಗಾಯದ ಕಲೆ' ಎಂಬಂಥ ಐದು ಪದ ಓದಿದಾಗ ಅವಳ ಎದುರು ಒಂದು ಮುಖ ಎದ್ದು ನಿಲ್ಲುತ್ತದೆ. ಸರ್ಕಾರಿ ಗುಮಾಸ್ತ ಕಾದಂಬರಿಕಾರನ ಕೆಲಸ ಮಾಡಿರುತ್ತಾನೆ.

ನಾನೂ ಕೇಳಿದೆ. ಒಂದು ಭಾನುವಾರ ಅಪ್ಪನಿಗೆ ಆ ಪುಟ ಓದಿ ಹೇಳಿದೆ. "ಅಪ್ಪಾ, ಅಜ್ಜಿ ಟ್ರಂಕಿನ ಮುಚ್ಚಳ ತಗ್ಗಾಗಿದ್ದು ಇದಕ್ಕೇ ಅಲ್ವಾ?"

ಅಪ್ಪ ನಕ್ಕುಬಿಟ್ಟರು. "ಅದು ನಾನು ಮಾಡಿದ್ದು. ಅಟ್ಟದ ಮೇಲಿನ ಡಬ್ಬಿ ಎಟುಕಬೇಕಿತ್ತಲ್ಲ, ಅದರ ಮೇಲೆ ಹತ್ತಿ ಕುಣೀತಿದ್ದೆ. ಅಮ್ಮನ ಕೈಲಿ ಒದೆ ತಿಂದಿದ್ದೀನಿ. ಆ ಟ್ರಂಕು ನಾವು ಬರುವಾಗ ತಂದದ್ದೂ ಅಲ್ಲ. ಬಂದು ಐದಾರು ವರ್ಷ ಆದ ಮೇಲೆ ಕೊಂಡದ್ದು."

"ಹಾಗಾದರೆ ಬರುವಾಗ ಏನಿತ್ತು?"

"ಒಂದು ಹೊದಿಕೆಯ ಗಂಟು." ಸ್ವಲ್ಪ ಹೊತ್ತು ಸುಮ್ಮನಿದ್ದರು. ಅವರ ಕೈ ತಾನಾಗಿ ಬಲಗಿವಿಗೆ ಹೋಯಿತು. "ನನ್ನನ್ನ ಅದರ ಮೇಲೆ ಮಲಗಿಸಿದ್ದರು. ಒಳಗೆ ಏನೋ ಗಟ್ಟಿಯಾದದ್ದು ರಾತ್ರಿಯೆಲ್ಲ ಕಿವಿಗೆ ಒತ್ತುತ್ತಾ ಇತ್ತು. ಏನು ಅಂತ ಅಮ್ಮನನ್ನ ಕೇಳಲೇ ಇಲ್ಲ."